ಎದೆ ಸೀಳದೆ ಹೃದಯದ ಕವಾಟ ಬದಲಿಸಿದ ಕಥೆ



ನಮ್ಮ ಚನ್ನಗಿರಿ ಸೀಮೆಯ ಮನೆಗಳಲ್ಲಿ ಇಂಥ ದೃಶ್ಯವನ್ನು ನೀವೂ ಕಂಡಿರುತ್ತೀರಿ. ದಿನವೂ ಅಡಿಕೆ ತೋಟಕ್ಕೆ ನಡೆದೇ ಹೋಗಿ ಬರುತ್ತಿದ್ದ ದಾದಾ ಈಗ ದಾರಿಯಲ್ಲಿ ಎರಡು ಕಡೆ ಕುಳಿತು ಸುಧಾರಿಸಿಕೊಳ್ಳುತ್ತಾರೆ. ಮಸೀದಿಯ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ. ಒಂದು ದಿನ ಅಂಗಳದಲ್ಲಿ ಕಣ್ಣು ಕತ್ತಲೆ ಬಂದು ಕುಸಿದು ಬೀಳುತ್ತಾರೆ. ಮನೆಯವರು ನೀರು ಕುಡಿಸಿ, ಗಾಳಿ ಹಾಕಿ, ಕೊನೆಗೆ ಒಂದು ಮಾತು ಹೇಳಿ ಮುಗಿಸುತ್ತಾರೆ: "ವಯಸ್ಸಾಯಿತಲ್ಲ, ಇನ್ನೇನು ಮಾಡೋದು!"

ಎಲ್ಲ ಆಯಾಸಕ್ಕೂ ವಯಸ್ಸೇ ಕಾರಣವಲ್ಲ. ಇಂಥ ಹಿರಿಯರಲ್ಲಿ ಕೆಲವರಿಗೆ ಹೃದಯದ ಒಂದು ಕವಾಟ ಗಡುಸಾಗಿ ಕಿರಿದಾಗಿರುತ್ತದೆ. ಈ ಕಾಯಿಲೆಗೆ ಎದೆಗೂಡನ್ನು ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟವನ್ನು ಕಳುಹಿಸಿ ಕೂರಿಸುವ ಚಿಕಿತ್ಸೆ ಇಂದು ಇದೆ. ವೈದ್ಯರು ಇದನ್ನು ಚುಟುಕಾಗಿ 'ಟಾವಿ' ಎನ್ನುತ್ತಾರೆ. ಈ ಚಿಕಿತ್ಸೆ ಹುಟ್ಟಿದ್ದು "ಇವರಿಗೆ ಇನ್ನೇನೂ ಮಾಡಲಾಗದು" ಎಂಬ ಮಾತನ್ನು ಒಪ್ಪದ ಕೆಲವರಿಂದ. ಅವರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿ ಮಿತ್ರರು ತಿಳಿಯಬೇಕು, ಹಿರಿಯರಿರುವ ಪ್ರತಿ ಮನೆಯವರೂ ತಿಳಿಯಬೇಕು ಎಂಬ ಉದ್ದೇಶದಿಂದ ಈ ಲೇಖನ.

ಹೃದಯದ ತೂಬು

ನಮ್ಮ ಶಾಂತಿಸಾಗರವನ್ನು, ಅಂದರೆ ಸೂಳೆಕೆರೆಯನ್ನು ನೋಡದವರು ಈ ತಾಲ್ಲೂಕಿನಲ್ಲಿ ಯಾರಿದ್ದಾರೆ? ಅಷ್ಟು ದೊಡ್ಡ ಕೆರೆಯ ನೀರು ಗದ್ದೆಗೆ ಹರಿಯಬೇಕಾದರೆ ತೂಬು ಸರಿಯಾಗಿ ತೆರೆಯಬೇಕು. ತೂಬಿನ ಬಾಯಿಗೆ ಹೂಳು, ಕಲ್ಲು ಕಟ್ಟಿಕೊಂಡರೆ ಕೆರೆ ತುಂಬಿದ್ದರೂ ಗದ್ದೆ ಒಣಗುತ್ತದೆ.

ಹೃದಯದಲ್ಲಿಯೂ ಹಾಗೆಯೇ. ಹೃದಯದ ನಾಲ್ಕು ಕವಾಟಗಳಲ್ಲಿ ಮಹಾಪಧಮನಿಯ ಕವಾಟವೆಂಬುದು ಎಡಹೃತ್ಕುಕ್ಷಿಯಿಂದ ಇಡೀ ದೇಹಕ್ಕೆ ರಕ್ತ ಹೊರಡುವ ಬಾಗಿಲು. ಮೂರು ತೆಳುವಾದ ದಳಗಳಿರುವ ಈ ಬಾಗಿಲು ದಿನಕ್ಕೆ ಸುಮಾರು 1 ಲಕ್ಷ ಬಾರಿ ತೆರೆದು ಮುಚ್ಚುತ್ತದೆ. ಆರೋಗ್ಯವಂತರಲ್ಲಿ ತೆರೆದಾಗ ಇದರ ವಿಸ್ತೀರ್ಣ 3ರಿಂದ 4 ಚದರ ಸೆಂಟಿಮೀಟರ್. ವಯಸ್ಸಾದಂತೆ ಕೆಲವರಲ್ಲಿ ದಳಗಳ ಮೇಲೆ ಸುಣ್ಣದ ಅಂಶ ಕಟ್ಟಿಕೊಂಡು ಅವು ಕಲ್ಲಿನಂತೆ ಗಡುಸಾಗುತ್ತವೆ. ಬಾಗಿಲಿನ ವಿಸ್ತೀರ್ಣ 1 ಚದರ ಸೆಂಟಿಮೀಟರ್‌ಗಿಂತ ಕಡಿಮೆಯಾದರೆ ಅದು ತೀವ್ರ ಸ್ಥಿತಿ. ಹುಟ್ಟಿನಿಂದಲೇ ಮೂರರ ಬದಲು ಎರಡು ದಳಗಳಿರುವವರಲ್ಲಿ ಈ ತೊಂದರೆ ಸ್ವಲ್ಪ ಬೇಗನೆ ಬರುತ್ತದೆ. ಬಾಲ್ಯದಲ್ಲಿ ಬಂದ ಸಂಧಿವಾತ ಜ್ವರವೂ ಕವಾಟಗಳನ್ನು ಹಾಳು ಮಾಡಬಲ್ಲದು.

ಬಾಗಿಲು ಕಿರಿದಾದಾಗ ಹೃದಯ ಹೆಚ್ಚು ಒತ್ತಡದಿಂದ ರಕ್ತವನ್ನು ದೂಡಬೇಕಾಗುತ್ತದೆ. ಅದರ ಗೋಡೆ ದಪ್ಪಗಾಗುತ್ತದೆ. ಹಲವು ವರ್ಷ ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಮೂರು ಲಕ್ಷಣಗಳು ಬರುತ್ತವೆ: ನಡೆದಾಗ ಎದೆನೋವು, ತಲೆಸುತ್ತಿ ಬೀಳುವುದು, ಏದುಸಿರು. ಈ ಲಕ್ಷಣಗಳು ಕಾಣಿಸಿಕೊಂಡ ಬಳಿಕ ಕವಾಟ ಬದಲಿಸದಿದ್ದರೆ ರೋಗಿಯ ಉಳಿದ ಆಯುಷ್ಯ ಸಾಮಾನ್ಯವಾಗಿ ಎರಡರಿಂದ ಐದು ವರ್ಷ ಮಾತ್ರವೆಂದು ಅಮೆರಿಕದ ಜಾನ್ ರಾಸ್ ಮತ್ತು ಯುಜೀನ್ ಬ್ರಾನ್‌ವಾಲ್ಡ್ ಎಂಬ ವೈದ್ಯರು 1968ರಲ್ಲಿಯೇ ಬರೆದರು. ಗಡುಸಾದ ದಳಗಳನ್ನು ಮೆದುವಾಗಿಸುವ ಮಾತ್ರೆ ಇಂದಿಗೂ ಇಲ್ಲ.

ಹೃದಯವನ್ನು ಅರಿತವರು

ಚಿಕಿತ್ಸೆಗೆ ಮೊದಲು ಅರಿವು ಬೇಕು. ಹೃದಯದ ಬಲ ಮತ್ತು ಎಡ ಭಾಗಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವುಗಳ ಮೂಲಕ ರಕ್ತ ದಾಟುತ್ತದೆ ಎಂಬ ಗ್ರೀಕ್ ವೈದ್ಯ ಗ್ಯಾಲೆನ್‌ನ ಮಾತನ್ನು ಸಾವಿರ ವರ್ಷ ಲೋಕ ನಂಬಿತ್ತು. ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನುನ್ನಫೀಸ್ ಅವರು 1242ರ ಸುಮಾರಿಗೆ ಬರೆದ ಗ್ರಂಥದಲ್ಲಿ ಇದನ್ನು ಒಪ್ಪಲಿಲ್ಲ. ಆ ಗೋಡೆಯಲ್ಲಿ ರಂಧ್ರಗಳಿಲ್ಲ, ರಕ್ತ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ ಅಲ್ಲಿಂದ ಎಡಭಾಗಕ್ಕೆ ಬರುತ್ತದೆ ಎಂದು ವಿವರಿಸಿದರು. ಅವರು ವ್ಯಾಖ್ಯಾನ ಬರೆಯುತ್ತಿದ್ದುದು ಇಬ್ನು ಸೀನಾರಂತಹ ಮಹಾನ್ ವೈದ್ಯರ ಗ್ರಂಥಕ್ಕೆ. ಗುರುಸಮಾನರ ಮೇಲಿನ ಗೌರವ ಬೇರೆ, ಸತ್ಯವನ್ನು ಪರೀಕ್ಷಿಸುವುದು ಬೇರೆ ಎಂಬುದನ್ನು ಅವರು ತೋರಿಸಿಕೊಟ್ಟರು. ಈ ಗ್ರಂಥ ಮರೆತೇಹೋಗಿತ್ತು. 1924ರಲ್ಲಿ ಈಜಿಪ್ಟಿನ ಮುಹ್ಯಿದ್ದೀನ್ ಅತ್ತತಾವಿ ಎಂಬ ತರುಣ ವೈದ್ಯರು ಜರ್ಮನಿಯಲ್ಲಿ ಓದುತ್ತಿದ್ದಾಗ ಬರ್ಲಿನ್ ಗ್ರಂಥಾಲಯದಲ್ಲಿ ಇದರ ಹಸ್ತಪ್ರತಿಯನ್ನು ಕಂಡು ಲೋಕಕ್ಕೆ ತಿಳಿಸಿದರು.

ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಇಡೀ ದೇಹದ ರಕ್ತ ಪರಿಚಲನೆಯನ್ನು ಪ್ರಯೋಗಗಳಿಂದ ಸ್ಥಾಪಿಸಿದರು. ಫ್ರಾನ್ಸಿನ ಲೇನೆಕ್ 1816ರಲ್ಲಿ ಸ್ಟೆತಸ್ಕೋಪ್ ರೂಪಿಸಿದರು. ಕಿರಿದಾದ ಕವಾಟದಿಂದ ರಕ್ತ ನುಗ್ಗುವಾಗ ಬರುವ ಒರಟು ಸದ್ದನ್ನು ಈ ಸರಳ ಸಾಧನದಿಂದಲೇ ಕೇಳಬಹುದು. ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕೊರಳಿನಲ್ಲಿಯೂ ಅದೇ ಸಾಧನವಿದೆ ಎಂಬುದನ್ನು ಮರೆಯಬಾರದು.

ಎದೆ ತೆರೆದ ಕಾಲ

ಬಡಿಯುವ ಹೃದಯವನ್ನು ನಿಲ್ಲಿಸಿ ಒಳಗೆ ಕೈಹಾಕುವುದು ಬಹುಕಾಲ ಅಸಾಧ್ಯವಾಗಿತ್ತು. 1952ರಲ್ಲಿ ಅಮೆರಿಕದ ಚಾರ್ಲ್ಸ್ ಹಫ್‌ನಗೆಲ್ ಪ್ಲಾಸ್ಟಿಕ್ ಕೊಳವೆಯೊಳಗೆ ಗುಂಡು ಕುಣಿಯುವ ಕವಾಟವೊಂದನ್ನು ಮಹಾಪಧಮನಿಯ ಕೆಳಭಾಗದಲ್ಲಿ ಕೂರಿಸಿದರು. ಅದು ಹೃದಯದ ಹೊರಗೇ ಉಳಿಯಿತು. 1953ರಲ್ಲಿ ಜಾನ್ ಗಿಬ್ಬನ್ ಅವರ ಹೃದಯ-ಶ್ವಾಸಕೋಶ ಯಂತ್ರ ಯಶಸ್ವಿಯಾದ ಮೇಲೆ ದಾರಿ ತೆರೆಯಿತು. 1960ರಲ್ಲಿ ಡ್ವೈಟ್ ಹಾರ್ಕೆನ್ ಮಹಾಪಧಮನಿ ಕವಾಟದ ಜಾಗದಲ್ಲಿಯೇ ಕೃತಕ ಕವಾಟ ಹಾಕಿದರು. ಮುಂದೆ ಫ್ರಾನ್ಸಿನ ಅಲೈನ್ ಕಾರ್ಪೆಂಟಿಯರ್ ಪ್ರಾಣಿಗಳ ಅಂಗಾಂಶವನ್ನು ರಾಸಾಯನಿಕದಲ್ಲಿ ಹದಮಾಡಿ ಕವಾಟ ತಯಾರಿಸುವ ವಿಧಾನವನ್ನು ಬೆಳೆಸಿದರು.

ಈ ಶಸ್ತ್ರಚಿಕಿತ್ಸೆ ಲಕ್ಷಾಂತರ ಜನರನ್ನು ಉಳಿಸಿದೆ, ಇಂದಿಗೂ ಉಳಿಸುತ್ತಿದೆ. ಆದರೆ ಎದೆಮೂಳೆಯನ್ನು ಸೀಳಿ, ಹೃದಯವನ್ನು ನಿಲ್ಲಿಸಿ ಮಾಡುವ ಈ ಕೆಲಸವನ್ನು 80 ದಾಟಿದವರು, ಮೂತ್ರಪಿಂಡ ಅಥವಾ ಶ್ವಾಸಕೋಶ ದುರ್ಬಲವಾದವರು ತಾಳಿಕೊಳ್ಳುವುದು ಕಷ್ಟ. ಆದುದರಿಂದ ಯಾರಿಗೆ ಈ ರೋಗ ಹೆಚ್ಚಾಗಿ ಬರುತ್ತದೆಯೋ ಆ ವೃದ್ಧರಲ್ಲಿ ಎಷ್ಟೋ ಮಂದಿಯನ್ನು ವೈದ್ಯರು ಕೈಚೆಲ್ಲಿ ಮನೆಗೆ ಕಳುಹಿಸುತ್ತಿದ್ದರು.

ಕೊಳವೆಯ ದಾರಿ

ಇನ್ನೊಂದು ದಾರಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಆರಂಭವಾಗಿತ್ತು. 1929ರಲ್ಲಿ 25ರ ಹರೆಯದ ವರ್ನರ್ ಫೋರ್ಸ್‌ಮನ್ ಎಂಬ ವೈದ್ಯರು, ಮೇಲಧಿಕಾರಿಯ ಮಾತನ್ನೂ ಮೀರಿ, ತಮ್ಮದೇ ತೋಳಿನ ರಕ್ತನಾಳದೊಳಗೆ ತೆಳುವಾದ ರಬ್ಬರ್ ಕೊಳವೆಯನ್ನು ತೂರಿಸಿಕೊಂಡು, ಎಕ್ಸರೇ ಕೋಣೆಗೆ ನಡೆದು ಹೋಗಿ ಅದು ಹೃದಯ ಮುಟ್ಟಿದ್ದನ್ನು ಚಿತ್ರ ತೆಗೆಸಿದರು. ಹಿರಿಯರು ಮೆಚ್ಚಲಿಲ್ಲ. ಅವರು ಹೃದ್ರೋಗ ವಿಭಾಗವನ್ನೇ ಬಿಟ್ಟು ವೈದ್ಯಕೀಯದ ಬೇರೆ ವಿಭಾಗ ಹಿಡಿಯಬೇಕಾಯಿತು. 1956ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಪ್ರಶಸ್ತಿ ಬಂತು! 1977ರಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಕೊಳವೆಯ ತುದಿಗೆ ಬಲೂನ್ ಕಟ್ಟಿ ಹೃದಯದ ರಕ್ತನಾಳದ ಅಡೆತಡೆಯನ್ನು ಬಿಡಿಸಿದರು. ಅದೇ ಇಂದು ಮನೆಮಾತಾಗಿರುವ ಆಂಜಿಯೋಪ್ಲಾಸ್ಟಿ.

ರಕ್ತನಾಳವನ್ನು ಹಿಗ್ಗಿಸಬಹುದಾದರೆ ಕವಾಟವನ್ನೇಕೆ ಹಿಗ್ಗಿಸಬಾರದು? ಜಪಾನಿನ ಕಾಂಜಿ ಇನೊವೆ 1982ರಲ್ಲಿ ಹೃದಯದ ಇನ್ನೊಂದು ಕವಾಟವಾದ ಮೈಟ್ರಲ್ ಕವಾಟವನ್ನು ಬಲೂನಿನಿಂದ ಹಿಗ್ಗಿಸಿ ತೋರಿಸಿದರು. ಇದು ನಮ್ಮ ನಾಡಿಗೆ ದೊಡ್ಡ ವರವಾಯಿತು. ಬಾಲ್ಯದ ಸಂಧಿವಾತ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದ ಬಡ ತರುಣಿಯರು, ಗರ್ಭಿಣಿಯರು ನಮ್ಮಲ್ಲಿ ಬಹಳ. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆ ಈ ಬಲೂನ್ ಚಿಕಿತ್ಸೆಯಲ್ಲಿ ಜಗತ್ತಿನಲ್ಲಿಯೇ ಹೆಸರು ಗಳಿಸಿತು. ದೀರ್ಘಕಾಲ ಆ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಈ ವಿಧಾನದಲ್ಲಿ ವಿಶೇಷ ಪರಿಣತಿ ಸಾಧಿಸಿದವರು. ಎದೆ ತೆರೆಯದೆ ಕವಾಟ ಸರಿಪಡಿಸಬಹುದು ಎಂಬುದನ್ನು ಕರ್ನಾಟಕದ ಹಳ್ಳಿಗಳ ಸಾಮಾನ್ಯ ಜನ ಕಂಡುಕೊಂಡದ್ದು ಹೆಚ್ಚಾಗಿ ಇಂಥ ಸರ್ಕಾರಿ ಸ್ವಾಯತ್ತ ಆಸ್ಪತ್ರೆಯಲ್ಲಿ.

ರೂವಾನ್ ನಗರದ ವೈದ್ಯ

ಮಹಾಪಧಮನಿ ಕವಾಟದ ವಿಷಯ ಮಾತ್ರ ಕಠಿಣವಾಗಿತ್ತು. ಫ್ರಾನ್ಸಿನ ರೂವಾನ್ ನಗರದ ಅಲೈನ್ ಕ್ರಿಬಿಯೇ 1985ರಲ್ಲಿ, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ ವೃದ್ಧರಿಗೆ ಈ ಕವಾಟವನ್ನು ಬಲೂನಿನಿಂದ ಹಿಗ್ಗಿಸಿದರು. ರೋಗಿಗಳು ಎದ್ದು ಓಡಾಡಿದರು. ಆದರೆ ಸಂತೋಷ ಬಹಳ ದಿನ ಉಳಿಯಲಿಲ್ಲ. ಹೆಚ್ಚಿನವರಲ್ಲಿ ಒಂದು ವರ್ಷದೊಳಗೇ ಕವಾಟ ಮತ್ತೆ ಕಿರಿದಾಯಿತು. ಹಿಗ್ಗಿಸಿದರೆ ಸಾಲದು, ಒಳಗೆ ಹೊಸ ಕವಾಟವನ್ನೇ ನಿಲ್ಲಿಸಬೇಕು ಎಂಬ ವಿಚಾರ ಅವರಲ್ಲಿ ಮೂಡಿತು.

ಇದೇ ಹೊತ್ತಿಗೆ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹೆನ್ನಿಂಗ್ ರೂಡ್ ಆಂಡರ್ಸನ್ ಎಂಬ ತರುಣ ವೈದ್ಯರೂ ಅದೇ ದಾರಿಯಲ್ಲಿದ್ದರು. 1989ರ ಆರಂಭದಲ್ಲಿ ಅಮೆರಿಕದಲ್ಲಿ ಸ್ಟೆಂಟ್ ಕುರಿತ ಉಪನ್ಯಾಸ ಕೇಳಿ ಬಂದ ಅವರು, ಉಕ್ಕಿನ ತಂತಿಯನ್ನು ಕೈಯಲ್ಲೇ ಬಾಗಿಸಿ ಚೌಕಟ್ಟು ಮಾಡಿ, ಅದರೊಳಗೆ ಪ್ರಾಣಿಯ ಕವಾಟ ಹೊಲಿದು, ಅದೇ ವರ್ಷದ ಮೇ 1ರಂದು ಹಂದಿಯೊಂದರ ಹೃದಯದಲ್ಲಿ ಕೊಳವೆಯ ಮೂಲಕ ಕೂರಿಸಿದರು. ಅದು ಕೆಲಸ ಮಾಡಿತು. ಆದರೆ ಅವರ ಬರಹವನ್ನು ಪತ್ರಿಕೆಗಳು ಹಿಂದಿರುಗಿಸಿದವು. 1992ರಲ್ಲಿ ಅದು ಪ್ರಕಟವಾಯಿತು.

ಕ್ರಿಬಿಯೇ ಅವರ ಅನುಭವವೂ ಇಂಥದ್ದೇ. ಗಡುಸಾದ ಕವಾಟದೊಳಗೆ ಸ್ಟೆಂಟ್ ಭದ್ರವಾಗಿ ನಿಲ್ಲುತ್ತದೆಯೇ, ಪಕ್ಕದಲ್ಲೇ ಇರುವ ಹೃದಯದ ರಕ್ತನಾಳಗಳ ಬಾಯಿಯನ್ನು ಅದು ಮುಚ್ಚುವುದಿಲ್ಲವೇ ಎಂಬ ಪ್ರಶ್ನೆಗೆ ಅವರು 1990ರ ದಶಕದಲ್ಲಿ ಮೃತದೇಹಗಳ ಮೇಲೆ ಪರೀಕ್ಷೆ ನಡೆಸಿ ಉತ್ತರ ಕಂಡುಕೊಂಡರು. ಆದರೂ ದೊಡ್ಡ ಕಂಪನಿಗಳು ಇದು ಆಗದ ಮಾತೆಂದು ಬಾಗಿಲು ಮುಚ್ಚಿದವು. ಕೊನೆಗೆ 1999ರಲ್ಲಿ ಅವರೂ ಕೆಲವು ಸ್ನೇಹಿತರೂ ಸೇರಿ ಒಂದು ಸಣ್ಣ ಕಂಪನಿ ಕಟ್ಟಿದರು. ಇಸ್ರೇಲಿನ ಇಂಜಿನಿಯರುಗಳು ಕವಾಟದ ಮಾದರಿ ತಯಾರಿಸಿದರು. ಕುರಿಗಳಲ್ಲಿ ಪ್ರಯೋಗಗಳು ನಡೆದವು. 2000ದಲ್ಲಿ ಫಿಲಿಪ್ ಬೊನ್‌ಹೋಫರ್ ಎಂಬ ವೈದ್ಯರು ಪ್ಯಾರಿಸ್‌ನಲ್ಲಿ 12 ವರ್ಷದ ಬಾಲಕನಿಗೆ ಶ್ವಾಸಕೋಶದ ಕಡೆಯ ಕವಾಟವನ್ನು ಕೊಳವೆಯ ಮೂಲಕ ಕೂರಿಸಿದ್ದು ಎಲ್ಲರಿಗೂ ಧೈರ್ಯ ಕೊಟ್ಟಿತು.

2002ರ ಏಪ್ರಿಲ್ 16. ರೂವಾನ್ ಆಸ್ಪತ್ರೆಯಲ್ಲಿ 57 ವರ್ಷದ ರೋಗಿಯೊಬ್ಬರು ಸಾವಿನಂಚಿನಲ್ಲಿದ್ದರು. ಕವಾಟ ತೀರಾ ಕಿರಿದಾಗಿ ಹೃದಯ ಸೋತಿತ್ತು, ರಕ್ತದೊತ್ತಡ ಕುಸಿದಿತ್ತು. ಶಸ್ತ್ರಚಿಕಿತ್ಸಕರು ಸಾಧ್ಯವಿಲ್ಲವೆಂದಿದ್ದರು. ಕಾಲಿನ ಅಪಧಮನಿಗಳೂ ಮುಚ್ಚಿಹೋಗಿದ್ದರಿಂದ ನೇರ ದಾರಿಯೂ ಇರಲಿಲ್ಲ. ಕ್ರಿಬಿಯೇ ಮತ್ತು ಅವರ ತಂಡದವರು ಅಶುದ್ಧ ರಕ್ತನಾಳದ ಮೂಲಕ ಹೃದಯ ತಲುಪಿ, ಒಳಗೋಡೆಯನ್ನು ದಾಟಿ, ಹೊಸ ಕವಾಟವನ್ನು ಕೂರಿಸಿದರು. ಕೂಡಲೇ ರಕ್ತದೊತ್ತಡ ಏರಿತು, ರೋಗಿಯ ಬಣ್ಣ ಮರಳಿತು. ಇತರ ಕಾಯಿಲೆಗಳಿಂದಾಗಿ ಆ ರೋಗಿ ಸುಮಾರು ನಾಲ್ಕು ತಿಂಗಳ ಬಳಿಕ ತೀರಿಕೊಂಡರು, ಆದರೆ ಕವಾಟ ಕೊನೆಯವರೆಗೂ ಕೆಲಸ ಮಾಡಿತ್ತು. ಅಂದು ತೆರೆದ ದಾರಿ ಮತ್ತೆ ಮುಚ್ಚಲಿಲ್ಲ. ಕೆನಡಾದ ಜಾನ್ ವೆಬ್ 2005ರಲ್ಲಿ ತೊಡೆಯ ಅಪಧಮನಿಯಿಂದ ನೇರವಾಗಿ ಹೋಗುವ ಸುಲಭ ವಿಧಾನವನ್ನು ರೂಢಿಸಿದರು. ಕ್ರಿಬಿಯೇ 2024ರ ಫೆಬ್ರವರಿಯಲ್ಲಿ ನಿಧನರಾದರು.

ಪರೀಕ್ಷೆಗೆ ಒಡ್ಡಿದ ಫಲ

ಹೊಸದೆಂದ ಮಾತ್ರಕ್ಕೆ ಒಳ್ಳೆಯದೆನ್ನಲಾಗದು. ಶಸ್ತ್ರಚಿಕಿತ್ಸೆ ಸಾಧ್ಯವೇ ಇಲ್ಲದ 358 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ 'ಪಾರ್ಟ್‌ನರ್' ಎಂಬ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಹಳೆಯ ಚಿಕಿತ್ಸೆಯವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ ಸುಮಾರು 51 ಮಂದಿ ತೀರಿಕೊಂಡಿದ್ದರೆ, ಟಾವಿ ಪಡೆದವರಲ್ಲಿ ಸುಮಾರು 31 ಮಂದಿ. ಅಂದರೆ ಐವರಿಗೆ ಚಿಕಿತ್ಸೆ ಕೊಟ್ಟರೆ ಒಬ್ಬರ ಜೀವ ಹೆಚ್ಚಾಗಿ ಉಳಿಯಿತು. ಆದರೆ ಟಾವಿ ಗುಂಪಿನಲ್ಲಿ ಪಾರ್ಶ್ವವಾಯು ಹಾಗೂ ರಕ್ತನಾಳದ ಗಾಯಗಳು ಹೆಚ್ಚಿದ್ದವೆಂದೂ ಅದೇ ವರದಿ ಮುಚ್ಚಿಡದೆ ಹೇಳಿತು. ಮುಂದೆ ಸಾಧನಗಳು ಸುಧಾರಿಸಿದವು. 2019ರಲ್ಲಿ ಬಂದ ಎರಡು ಅಧ್ಯಯನಗಳು, ಶಸ್ತ್ರಚಿಕಿತ್ಸೆಯನ್ನು ತಾಳಬಲ್ಲ ಸಾಮಾನ್ಯ ರೋಗಿಗಳಲ್ಲಿಯೂ ಟಾವಿ ಹಿಂದೆ ಬೀಳುವುದಿಲ್ಲವೆಂದು ತೋರಿಸಿದವು.

ಹಾಗೆಂದು ಎಲ್ಲರಿಗೂ ಇದೇ ಸರಿಯೆಂದಲ್ಲ. ಅಂಗಾಂಶದ ಕವಾಟಗಳು ಕಾಲಕ್ರಮೇಣ ಸವೆಯುತ್ತವೆ. ಅಮೆರಿಕದ ಹೃದ್ರೋಗ ಸಂಸ್ಥೆಗಳು 2020ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ 65ಕ್ಕಿಂತ ಕಿರಿಯರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ, 80 ಮೀರಿದವರಿಗೆ ಟಾವಿ, ನಡುವಿನವರಿಗೆ ವೈದ್ಯರೂ ರೋಗಿಯೂ ಕೂಡಿ ವಿಚಾರ ಮಾಡಿ ತೀರ್ಮಾನಿಸಬೇಕು.

ಮಾಡುವ ಬಗೆ

ಮೊದಲು ಸಿ.ಟಿ. ಸ್ಕ್ಯಾನ್‌ನಲ್ಲಿ ಕವಾಟದ ಅಳತೆಯನ್ನೂ ರಕ್ತನಾಳದ ಅಗಲವನ್ನೂ ನೋಡುತ್ತಾರೆ. ಹೊಸ ಕವಾಟವನ್ನು ಲೋಹದ ಜಾಲರಿಯೊಳಗೆ ಹೊಲಿದಿರುತ್ತಾರೆ. ಅದನ್ನು ಛತ್ರಿಯಂತೆ ಮಡಚಿ, ತೆಳುವಾದ ಕೊಳವೆಯಲ್ಲಿ ತೊಡೆಸಂದಿಯ ಅಪಧಮನಿಯಿಂದ ಮೇಲಕ್ಕೆ ಒಯ್ಯುತ್ತಾರೆ. ಬಲೂನ್ ಬಳಸುವ ಬಗೆಯಲ್ಲಿ, ಕೆಲವು ಕ್ಷಣಗಳ ಕಾಲ ಹೃದಯವನ್ನು ವಿದ್ಯುತ್ ಸಂಕೇತದಿಂದ ನಿಮಿಷಕ್ಕೆ 180 ಬಾರಿಗೂ ಹೆಚ್ಚು ವೇಗವಾಗಿ ಮಿಡಿಸುತ್ತಾರೆ. ಆಗ ರಕ್ತದ ರಭಸ ತಗ್ಗಿ ಕವಾಟ ಜಾರದೆ ನಿಲ್ಲುತ್ತದೆ. ಬಲೂನ್ ಉಬ್ಬಿದಾಗ ಜಾಲರಿ ಅರಳಿ ಹಳೆಯ ದಳಗಳನ್ನು ಬದಿಗೆ ಒತ್ತುತ್ತದೆ. ಇನ್ನೊಂದು ಬಗೆಯ ಕವಾಟ ಮೈಯ ಬಿಸಿಗೆ ತಾನೇ ಅರಳುವ ನಿಟಿನಾಲ್ ಲೋಹದ್ದು. ಹಲವರಿಗೆ ಪೂರ್ಣ ಅರಿವಳಿಕೆಯೂ ಬೇಕಾಗುವುದಿಲ್ಲ, ಕೆಲವೇ ದಿನಗಳಲ್ಲಿ ಮನೆಗೆ ಮರಳುತ್ತಾರೆ. ಕೆಲವರಿಗೆ ಬಳಿಕ ಪೇಸ್‌ಮೇಕರ್ ಅಗತ್ಯವಾಗಬಹುದು.

ನಮ್ಮ ಮನೆಗಳಲ್ಲಿ ಏಳುವ ಒಂದು ಪ್ರಶ್ನೆಯನ್ನೂ ಇಲ್ಲಿ ಹೇಳಬೇಕು. ಈ ಕವಾಟ ಯಾವ ಪ್ರಾಣಿಯದು? ಬಲೂನಿನಿಂದ ಅರಳುವ ಮುಖ್ಯ ಕವಾಟಗಳಲ್ಲಿ ದನದ ಹೃದಯದ ಹೊರಪೊರೆಯನ್ನೂ, ತಾನೇ ಅರಳುವ ಪ್ರಸಿದ್ಧ ಕವಾಟವೊಂದರಲ್ಲಿ ಹಂದಿಯ ಹೊರಪೊರೆಯನ್ನೂ ಬಳಸುತ್ತಾರೆ. ಶಸ್ತ್ರಚಿಕಿತ್ಸೆಯಲ್ಲಿ ಲೋಹದ ಕವಾಟವೂ ಉಂಟು. ಸಂಕೋಚಪಟ್ಟು ಸುಮ್ಮನಿದ್ದು ಚಿಕಿತ್ಸೆಯನ್ನು ಮುಂದೂಡುವ ಬದಲು ವೈದ್ಯರನ್ನು ನೇರವಾಗಿ ಕೇಳಿ. ನೀವು ನಂಬುವ ಆಲಿಮರಿಗೆ ರೋಗಿಯ ಸ್ಥಿತಿಯನ್ನು ಪೂರ್ಣವಾಗಿ ವಿವರಿಸಿ ವಿಚಾರಿಸಿ.

ನಮ್ಮ ದೇಶದ ಕೈಚಳಕ

ಹೊರದೇಶದ ಕವಾಟ ದುಬಾರಿ. ಈ ಸಂಕಟ ಹೊಸದಲ್ಲ. ಶಸ್ತ್ರಚಿಕಿತ್ಸೆಯ ಕವಾಟವೂ ಒಂದು ಕಾಲಕ್ಕೆ ನಮ್ಮ ಬಡವರ ಕೈಗೆ ಎಟುಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ನೇತೃತ್ವದ ತಂಡ ಸ್ವದೇಶಿ ಕವಾಟ ಮಾಡಲು ಹೊರಟಿತು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು. ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಅದನ್ನು ಹಾಕಿದರು. ಅಲ್ಲಿಂದೀಚೆಗೆ 1 ಲಕ್ಷಕ್ಕೂ ಮಿಕ್ಕಿ 'ಚಿತ್ರಾ' ಕವಾಟಗಳು ಬಳಕೆಯಾಗಿವೆ. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಯಾಗಿ, ಅಲ್ಲಿಯೇ ನೆಲೆಸಿ, 2024ರ ಜುಲೈನಲ್ಲಿ ತೀರಿಕೊಂಡರು.

ಟಾವಿಯಲ್ಲಿಯೂ ಇದೇ ದಾರಿ ತೆರೆದಿದೆ. ಗುಜರಾತಿನ ವಾಪಿಯ ಮೆರಿಲ್ ಕಂಪನಿ ತಯಾರಿಸಿದ 'ಮೈವಾಲ್' ಕವಾಟಕ್ಕೆ 2018ರಲ್ಲಿ ಭಾರತದಲ್ಲಿ, 2019ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ದೊರೆಯಿತು. 768 ರೋಗಿಗಳ ಅಧ್ಯಯನವೊಂದರಲ್ಲಿ ಚಿಕಿತ್ಸೆಯಾದ 30 ದಿನಗಳ ಮಟ್ಟಿಗೆ ಇದು ಪ್ರಸಿದ್ಧ ವಿದೇಶಿ ಕವಾಟಗಳಿಗೆ ಕಡಿಮೆಯಿಲ್ಲವೆಂದು 2024ರಲ್ಲಿ ವರದಿಯಾಯಿತು. ಆದರೂ ಟಾವಿಗೆ ಇಂದಿಗೂ ಹಲವು ಲಕ್ಷ ರೂಪಾಯಿ ಬೇಕು. ಒಂದು ಎಕರೆ ತೋಟದ ರೈತನಿಗೆ, ದಿನಗೂಲಿಯವರಿಗೆ ಅದು ಸುಲಭದ ಮಾತಲ್ಲ.

ನಾವು ಮಾಡಬೇಕಾದದ್ದು

ಓದುಗ ಮಿತ್ರರೇ, ಹಣದ ಮಾತು ಆಮೇಲಿನದು. ಮೊದಲ ಹೆಜ್ಜೆಗೆ ಹೆಚ್ಚು ಹಣ ಬೇಡ. ಮನೆಯ ಹಿರಿಯರು ನಡೆದಾಗ ಎದೆ ಹಿಡಿದುಕೊಂಡರೆ, ತಲೆಸುತ್ತಿ ಬಿದ್ದರೆ, ಉಸಿರಿಗೆ ಕಷ್ಟಪಟ್ಟರೆ ಹತ್ತಿರದ ವೈದ್ಯರಿಗೆ ತೋರಿಸಿ, ಹೃದಯದ ಸದ್ದು ಕೇಳಿಸಿ. ಅಲ್ಲಿ ಅನುಮಾನ ಬಂದರೆ ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಎಕೋ ಪರೀಕ್ಷೆ ಮಾಡಿಸಿ. ನೋವಿಲ್ಲದ ಆ ಪರೀಕ್ಷೆಯಲ್ಲಿ ಕವಾಟದ ಸ್ಥಿತಿ ತಿಳಿಯುತ್ತದೆ. ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕವಾಟ ಬದಲಿಸುವ ಶಸ್ತ್ರಚಿಕಿತ್ಸೆಗೆ ನೆರವಿದೆ. ಟಾವಿಗೆ ಯಾವ ನೆರವು ಸಿಗುವುದೆಂದು ಆಸ್ಪತ್ರೆಯ ಯೋಜನಾ ವಿಭಾಗದಲ್ಲಿ ಕೇಳಿ ತಿಳಿಯಿರಿ. ಮಕ್ಕಳಿಗೆ ಗಂಟಲುನೋವು, ಜ್ವರ ಬಂದು ಕೀಲುಗಳು ಊದಿಕೊಂಡರೆ ಅಲಕ್ಷ್ಯ ಮಾಡಬೇಡಿ. ಸಂಧಿವಾತ ಜ್ವರವನ್ನು ಪೆನ್ಸಿಲಿನ್ ತಡೆಯಬಲ್ಲದು.

ವಿದ್ಯಾರ್ಥಿಗಳಿಗೆ ಒಂದು ಮಾತು. ಈ ಚರಿತ್ರೆಯಲ್ಲಿ ವೈದ್ಯರಷ್ಟೇ ಇಲ್ಲ. ತಂತಿ ಬಾಗಿಸಿದವರಿದ್ದಾರೆ, ಲೋಹ ಅರಿತ ಇಂಜಿನಿಯರುಗಳಿದ್ದಾರೆ, ಕವಾಟ ಹೊಲಿದ ಕೈಗಳಿವೆ, ಹಳೆಯ ಹಸ್ತಪ್ರತಿಯ ಧೂಳು ಕೊಡವಿದ ವಿದ್ಯಾರ್ಥಿಯಿದ್ದಾನೆ. ಪಿ.ಯು.ಸಿ.ಯಲ್ಲಿ ವೈದ್ಯಕೀಯ ಸೀಟು ಸಿಗಲಿಲ್ಲವೆಂದು ಕುಗ್ಗಬೇಡಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಯಂತ್ರವಿದ್ಯೆ ಯಾವುದನ್ನು ಕಲಿತರೂ ಒಂದು ಜೀವಕ್ಕೆ ನೆರವಾಗುವ ದಾರಿಯಿದೆ. ಈ ಕವಾಟವನ್ನು ಬಡವರ ಕೈಗೆ ಎಟುಕುವಂತೆ ಮಾಡುವ ಕೆಲಸ ಇನ್ನೂ ಬಾಕಿ ಇದೆ. ಅದನ್ನು ಮಾಡುವವರು ನಮ್ಮ ತಾಲ್ಲೂಕಿನ ಶಾಲೆಗಳಿಂದಲೂ ಬರಲಿ.

ಅಲ್ಲಿಯವರೆಗೆ "ವಯಸ್ಸಾಯಿತಲ್ಲ" ಎನ್ನುವ ಮೊದಲು, ದಾದಾ-ದಾದಿಯರನ್ನು ಒಮ್ಮೆ ವೈದ್ಯರ ಬಳಿಗೆ ಕರೆದುಕೊಂಡು ಹೋಗೋಣ.